ಇಳಿಜಾರಿನಲ್ಲಿ ನರಳಿದ ಹಸು

"ಹತ್ತುವಾಗ ಏನೂ ಇಲ್ಲ ಸಾ, ಇಳಿಯುವಾಗ ಮಾತ್ರ ನರಳ್ತದೆ."

ಹಂಗಳದ ಬಳಿ ಊಟಿ ರಸ್ತೆ ಬಿಟ್ಟು ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ, ಎಲ್ಲರಂತೆ ಚೆಂಡುಹೂವಿನ ಹೊಲದ ಫೋಟೊ ತೆಗೆಯುತ್ತಿದ್ದೆ. ಆಗ ಕಿವಿಗೆ ಬಿದ್ದ ಮಾತಿದು. ತಿರುಗಿ ನೋಡಿದರೆ ಹುಣಸೆಮರದಡಿ ಒಂದು ಸೀಮೆಹಸು, ಹಗ್ಗ ಹಿಡಿದ ಯಜಮಾನ, ಎದುರಿಗೆ ದನದ ಡಾಕ್ಟರು. ಅಜೀರ್ಣವೆಂದು ಪುಡಿ ಕಟ್ಟಿಕೊಡಲು ಹೊರಟಿದ್ದ ಡಾಕ್ಟರು ಈ ಮಾತು ಕೇಳಿದ್ದೇ ಪೆಟ್ಟಿಗೆ ಮುಚ್ಚಿದರು. ಹಸುವಿನ ಹೆಗಲ ಮೇಲಿನ ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಆರೋಗ್ಯವಾಗಿರುವ ದನ ಹಾಗೆ ಜಗ್ಗಿದರೆ ಬೆನ್ನು ತಗ್ಗಿಸುತ್ತದೆ. ಇದು ತಗ್ಗಿಸಲಿಲ್ಲ, ಮುಲುಗಿತು.

"ತಂತಿ ತಿಂದಿದೆ. ಇವತ್ತು ಮೇವು ಹಾಕಬೇಡಿ, ನಾಳೆ ಬೆಳಿಗ್ಗೆ ಕುಯ್ಯೋಣ."

ಫೋಟೊ ಕೆಲಸ ಅಲ್ಲಿಗೇ ಮುಗಿಯಿತು. ಗುಂಡ್ಲುಪೇಟೆಯಲ್ಲಿ ರೂಮು ಹಿಡಿದೆ.

ದನಕ್ಕೆ ನಾಲ್ಕು ಹೊಟ್ಟೆ ಎಂದು ಶಾಲೆಯಲ್ಲೇ ಓದಿದ್ದೇವೆ. ಎರಡನೆಯದು ಒಳಮೈಯೆಲ್ಲ ಜೇನುಹುಟ್ಟಿನಂತಿರುವ ಪುಟ್ಟ ಚೀಲ. ದನ ಮೊದಲು ನುಂಗುತ್ತದೆ, ಅಗಿಯುವುದು ಆಮೇಲೆ. ಹಾಗಾಗಿ ಹುಲ್ಲಿನ ಜೊತೆ ಬಂದ ಮೊಳೆ ಅದರ ನಾಲಿಗೆಗೆ ತಿಳಿಯುವುದಿಲ್ಲ. ಭಾರದ ಲೋಹ ಈ ಜೇನುಹೊಟ್ಟೆಯಲ್ಲಿ ಹೋಗಿ ಕೂರುತ್ತದೆ. ಚೀಲ ನಿಮಿಷಕ್ಕೊಂದು ಸಲದಂತೆ ಹಿಂಡಿಕೊಳ್ಳುತ್ತಲೇ ಇರುತ್ತದೆ, ಹಿಂಡಿದಾಗೆಲ್ಲ ತಂತಿಯ ಮೊನೆ ಒತ್ತುತ್ತದೆ. ಮುಂದಿರುವುದು ವಪೆ, ಅದರಾಚೆ ಹೃದಯ. ನಡುವಿನ ದೂರ ಕೆಲವೇ ಸೆಂಟಿಮೀಟರು. ಹೃದಯದ ಸುತ್ತ ಕೀವು ತುಂಬಿ, ಕೊರಳ ನರ ಹಗ್ಗದಂತೆ ಉಬ್ಬಿ, ಎದೆಯ ಕೆಳಗೆ ನೀರಿಳಿದರೆ ಆಪರೇಷನ್ ಮಾಡಿಯೂ ಹೆಚ್ಚು ಪ್ರಯೋಜನವಿಲ್ಲ. ಈ ಹಸುವಿಗೆ ಇನ್ನೂ ಅಷ್ಟಾಗಿರಲಿಲ್ಲ.

ಇಳಿಜಾರಿನ ವಿಷಯ ರಾತ್ರಿಯೆಲ್ಲ ನನ್ನನ್ನು ಕಾಡಿತು. ಬೆಟ್ಟ ಇಳಿಯುವಾಗ ಹೊಟ್ಟೆಯ ಭಾರವೆಲ್ಲ ಮುಂದಕ್ಕೆ ಜಾರಿ ಮೊನೆಯ ಮೇಲೆ ಬೀಳುತ್ತದೆ, ಹತ್ತುವಾಗ ಹಿಂದೆ ಸರಿಯುತ್ತದೆ. ಸ್ಕ್ಯಾನಿಂಗ್ ಯಂತ್ರ ಹೇಳಬೇಕಾದದ್ದನ್ನು ಹಂಗಳದ ದಿಬ್ಬವೇ ಹೇಳಿಬಿಟ್ಟಿತ್ತು! ಬೆಳಿಗ್ಗೆ ಹೋದವನೇ "ಇನ್ನೊಂದು ಸಲ ಇಳಿಸಿ ತೋರಿಸ್ತೀರಾ?" ಎಂದೆ. "ಸರ್ಕಸ್ಸಲ್ಲ ಸಾರ್, ಅದಕ್ಕೆ ನೋವಾಗುತ್ತೆ" ಎಂದರು ಡಾಕ್ಟರು. ಆಗ ಎಲ್ಲೋ ಓದಿದ್ದು ನೆನಪಾಯಿತು: ಅಮೆರಿಕದ ಕಡೆ ಹಸುವಿಗೆ ಬೆರಳುದ್ದದ ಆಯಸ್ಕಾಂತ ನುಂಗಿಸುತ್ತಾರೆ. ಹಸು ಬದುಕಿರುವಷ್ಟು ಕಾಲ ಅದು ಜೇನುಹೊಟ್ಟೆಯಲ್ಲೇ ಕೂತು ಮೊಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಸುವಿನೊಳಗೆ ಆಯಸ್ಕಾಂತ ಇದೆಯೋ ಇಲ್ಲವೋ ತಿಳಿಯಲು ಎದೆಯ ಹತ್ತಿರ ದಿಕ್ಸೂಚಿ ಹಿಡಿದು ನೋಡುವುದೂ ಉಂಟು. ತಂತಿಗೂ ಮುಳ್ಳು ಅಲ್ಲಾಡೀತೇ ಎಂದು ಮೊಬೈಲಿನ ದಿಕ್ಸೂಚಿಯನ್ನು ಹಸುವಿನ ಎಡ ಮೊಣಕೈ ಹಿಂದೆ ಹಿಡಿದೆ. ಏನೂ ಅಲ್ಲಾಡಲಿಲ್ಲ. ನಾನು ಕೊಟ್ಟಿಗೆಯ ವಾಸ್ತು ನೋಡುತ್ತಿದ್ದೇನೆಂದು ಯಜಮಾನರ ತಾಯಿ ಭಾವಿಸಿದ್ದರು. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಕೇಳಿದರು.

ಆಪರೇಷನ್ ಥಿಯೇಟರ್ ಎಂದರೆ ಮಲಗಿಸುವುದು, ಮಂಪರು, ಹಸಿರು ಬಟ್ಟೆ ಎಂಬ ಕಲ್ಪನೆ ನನ್ನದು. ಇಲ್ಲಿ ಹಸು ನಿಂತೇ ಇತ್ತು, ಎಚ್ಚರವಾಗಿಯೇ ಇತ್ತು. ಎಡ ಪಕ್ಕೆಯ ಕೂದಲು ಬೋಳಿಸಿ, ಅಯೋಡಿನ್ ಬಳಿದು, ಬೆನ್ನೆಲುಬಿನ ಪಕ್ಕ ಲಿಗ್ನೊಕೇನ್ ಚುಚ್ಚಿದರು. ಆ ಬದಿ ಜೋಮುಗಟ್ಟಿದ ಮೇಲೆ ಒಂದು ಗೇಣು ಉದ್ದಕ್ಕೆ ಚರ್ಮ ಕುಯ್ದು, ಮೂರು ಪದರ ಸ್ನಾಯು ದಾಟಿದರು. ಒಳಪೊರೆ ತೆರೆದಾಗ ಗಾಳಿ ಎಳೆದುಕೊಂಡ ಸದ್ದು ನನಗೂ ಕೇಳಿತು. ದೊಡ್ಡ ಹೊಟ್ಟೆಯ ಅಂಚನ್ನು ಮೇಲೆಳೆದು ಚರ್ಮಕ್ಕೆ ಸುತ್ತಲೂ ಹೊಲಿದರು. ಹುದುಗು ಮೇವು ಒಂದು ಹನಿ ಒಳಗೆ ಬಿದ್ದರೂ ಕೀವಾಗುತ್ತದಂತೆ. ಆಮೇಲೆ ಹೊಟ್ಟೆಗೇ ಕತ್ತರಿ. ಆ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಡಾಕ್ಟರು ಕಂಕುಳವರೆಗೆ ಕೈ ಹಾಕಿದರು. ಹಸುವಿಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿ ಒಳಗೆ ತಡಕುತ್ತಿದ್ದರು, ಅಟ್ಟದ ಮೇಲೆ ಕತ್ತಲಲ್ಲಿ ಬೀಗದಕೈ ಹುಡುಕುವವರ ಹಾಗೆ. ಮೊದಲು ಪ್ಲಾಸ್ಟಿಕ್ ಹಗ್ಗದ ಉಂಡೆ ಬಂತು. ಎರಡು ರೂಪಾಯಿ ನಾಣ್ಯ ಬಂತು. ಹಿಂದಿನ ದಿನದಿಂದ ಉಪವಾಸವಿದ್ದ ಹಸು ಅಷ್ಟರಲ್ಲಿ ಕತ್ತು ಚಾಚಿ ಪಕ್ಕದ ಮೆದೆಯ ರಾಗಿಹುಲ್ಲಿಗೆ ಬಾಯಿ ಹಾಕಿತು. ಹೊಟ್ಟೆ ತೆರೆದಿದೆ, ಒಳಗೊಂದು ಕೈಯಿದೆ, ಇದಕ್ಕೆ ಹುಲ್ಲಿನ ಚಿಂತೆ. ಕೊನೆಗೆ ಡಾಕ್ಟರ ಎರಡು ಬೆರಳ ನಡುವೆ ಒಂದು ತಂತಿ. ಕೂದಲಿಗಿಂತ ಸ್ವಲ್ಪ ದಪ್ಪ, ಕಡ್ಡಿಪೆಟ್ಟಿಗೆಯುದ್ದ, ನೆಟ್ಟಗೆ.

ಹೊಲಿಯುತ್ತಲೇ ಮಾತಾಡಿದರು. ದನವನ್ನು ಮಲಗಿಸಿ ಪೂರ್ತಿ ಮಂಪರು ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ, ಒಳಗಿನ ಮೇವು ಗಂಟಲಿಗೆ ಬಂದು ಶ್ವಾಸಕೋಶಕ್ಕಿಳಿಯುತ್ತದೆ. 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯ ಕಾಲೇಜಿನಂಥ ಕಡೆಯೂ ಇಂಥ ಎಷ್ಟೋ ಶಸ್ತ್ರಚಿಕಿತ್ಸೆ ದನವನ್ನು ಟ್ರೆವಿಸ್ ಎಂಬ ಕಂಬಗಳ ಚೌಕಟ್ಟಿನಲ್ಲಿ ನಿಲ್ಲಿಸಿಯೇ ನಡೆಯುತ್ತವೆ. "ಥಿಯೇಟರಲ್ಲಿ ಬೆಳಕಿದೆ, ನೀರಿದೆ, ನೊಣ ಇಲ್ಲ. ಆದರೆ ಅದು 200 ಕಿಲೋಮೀಟರಿಗಿಂತ ಆಚೆ ಇದೆ" ಎಂದರು. ಕುದುರೆ, ನಾಯಿಗಳ ಕಥೆ ಬೇರೆ. ಕೈಕಾಲು ಮೂಳೆ ಮುರಿದರೆ ಥಿಯೇಟರಿಗೆ ಪರ್ಯಾಯವಿಲ್ಲ ಎಂದು ಅವರೇ ಸೇರಿಸಿದರು.

ಕನ್ನಡಕ್ಕೆ ಪಶುವೈದ್ಯ ಹೊಸದಲ್ಲ. 12ನೇ ಶತಮಾನದ ಹೊತ್ತಿಗೇ ಚಾಲುಕ್ಯ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದಿದ್ದ. ಅದರಲ್ಲಿ ಮದ್ದಿನ ಜೊತೆ ಮಂತ್ರವೂ ಇದೆ. ನನಗೆ ಮದ್ದಿನ ಮೇಲಷ್ಟೇ ನಂಬಿಕೆ. ಬಂಡೀಪುರ ದಾಟಿದರೆ ಸಿಗುವ ತೆಪ್ಪಕಾಡಿನ ಆನೆ ಶಿಬಿರದಲ್ಲಿ ಆನೆಗಳ ವೈದ್ಯ ಡಾ. ವಿ. ಕೃಷ್ಣಮೂರ್ತಿ ಇದ್ದರು. 1998ರಲ್ಲಿ ಹಿಡಿದ ಕೊಲೆಗಡುಕ ಮಖನಾ (ದಂತವಿಲ್ಲದ ಗಂಡು) ಆನೆಗೆ ಅವರದೇ ಹೆಸರಿಟ್ಟು 'ಮೂರ್ತಿ' ಎಂದು ಕರೆದರು. ಗಡಿಯಾಚೆ ಆಂಧ್ರದ ಪುಟ್ಟಪರ್ತಿಯಲ್ಲಿ ಕರುಣಾ ಸೊಸೈಟಿಯವರು ಬೀದಿಹಸುಗಳ ಹೊಟ್ಟೆ ತೆರೆದು ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆದದ್ದು 2012ರ 'ದಿ ಪ್ಲಾಸ್ಟಿಕ್ ಕೌ' ಸಾಕ್ಷ್ಯಚಿತ್ರದಲ್ಲಿದೆ.

ಆದರೆ ಹಂಗಳದ ತಂತಿ ಪೇಟೆಯ ಕಸದ್ದಲ್ಲ. ಡಾಕ್ಟರು ಅದನ್ನು ಬಿಸಿಲಿಗೆ ಹಿಡಿದು "ಟೈರಿಂದು" ಎಂದರು. ಯಜಮಾನರು ಉತ್ತರಿಸಲಿಲ್ಲ, ಹೊಲದಂಚಿನ ಕಡೆ ನೋಡಿದರು. ಹೋಗಿ ನೋಡಿದೆ. ಕಾವಲಿನ ಅಟ್ಟಣೆಯ ಕೆಳಗೆ ಕಪ್ಪು ಬೂದಿಯ ವೃತ್ತ, ಅದರಲ್ಲಿ ಸಿಕ್ಕುಗೂದಲಿನಂತೆ ಉಕ್ಕಿನ ತಂತಿ. ಆನೆ, ಹಂದಿ ಬರದಿರಲೆಂದು ರಾತ್ರಿ ಸುಟ್ಟ ಲಾರಿ ಟೈರು. ರಬ್ಬರು ಉರಿದುಹೋಗುತ್ತದೆ, ಒಳಗಿನ ತಂತಿ ಉಳಿಯುತ್ತದೆ. ಗಾಳಿಗೆ, ನೇಗಿಲಿಗೆ, ಕಾಲಿಗೆ ಸಿಕ್ಕಿ ತುಂಡಾಗಿ ಮೇವಿಗೆ ಸೇರುತ್ತದೆ. 2021ರ ಜನವರಿಯಲ್ಲಿ ಮಸಿನಗುಡಿಯಲ್ಲಿ ಉರಿಯುವ ಟೈರು ಎಸೆತಕ್ಕೆ ಆನೆ ಸತ್ತದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದೇ ಬೆಂಕಿಯ ತಂತಿ ಮನೆಯ ಹಸುವಿನ ಹೃದಯದತ್ತ ಹೊರಟದ್ದು ಯಾವ ಪೇಪರಿನಲ್ಲೂ ಬರುವುದಿಲ್ಲ. ಯಜಮಾನರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹಿಂದಿನ ವಾರ ಅವರ ಬಾಳೆಯನ್ನು ಆನೆ ಮುರಿದಿತ್ತು.

ಇಂಜೆಕ್ಷನ್ ಮುಗಿಯುವವರೆಗೆ, ಆಮೇಲೂ ಕೆಲವು ದಿನ, ಡೇರಿಗೆ ಹಾಲು ಹಾಕುವಂತಿಲ್ಲ ಎಂದಾಗ ಅಜ್ಜಿಯ ಮುಖ ಬಾಡಿತು. ತಂತಿಯನ್ನು ಮೊಮ್ಮಗ ಜ್ಯಾಮಿಟ್ರಿ ಬಾಕ್ಸಿಗೆ ಹಾಕಿಕೊಂಡ.

ಎರಡು ವಾರ ಬಿಟ್ಟು ಫೋನ್ ಮಾಡಿದೆ. ಹೊಲಿಗೆ ಬಿಚ್ಚಿಯಾಗಿತ್ತು, ಮೆಲುಕು ಹಾಕುತ್ತಿತ್ತು. "ಇಳಿಯುವಾಗ?" ಎಂದು ಕೇಳಿದೆ, ನನಗೆ ಬೇಕಿದ್ದದ್ದು ಅದೊಂದೇ.

"ಬಾಳೆತೋಟದ ಕಡೆಗಾದ್ರೆ ಓಡ್ಕಂಡು ಇಳೀತದೆ ಸಾ. ಕೊಟ್ಟಿಗೆ ಕಡೆ ಅಂದ್ರೆ ಈಗ್ಲೂ ನರಳ್ತದೆ."