ವಠಾರ ಬದಲಿಸಿ, ಮನೆಪತ್ರ ಜೋಪಾನ

'ಸರ್ವರ್ ಡೌನ್ ಇದೆ, ನಾಳೆ ಬನ್ನಿ.'

ಈ ಮಾತು ಕೇಳದೇ ಇರೋ ಕನ್ನಡಿಗ ಇದ್ದಾನಾ ವೀಕ್ಷಕರೇ? ರೇಷನ್ ಅಂಗಡಿಯಲ್ಲಿ ಕೇಳಿದ್ದೀರಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿದ್ದೀರಿ. ಆದ್ರೆ ಡೌನ್ ಆಗೋ ಆ ಸರ್ವರ್ ಒಳಗೆ ಏನಿರುತ್ತೆ? ಅದು 'ನಾಳೆ' ಬರದೇ ಹೋದ್ರೆ ನಮ್ಮ ಗತಿ ಏನು? ಇವತ್ತು ರಾಜಕೀಯ ಬದಿಗಿಟ್ಟು ಇದನ್ನ ಮಾತಾಡೋಣ.

ಮೊದಲು ಒಂದು ವಠಾರ ಕಲ್ಪಿಸಿಕೊಳ್ಳಿ. ಕಟ್ಟಡ ಒಂದು, ಸಂಸಾರ ಹತ್ತು. ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಬೀಗ. ಆದ್ರೆ ಪಾಯ ಒಂದೇ, ನೀರಿನ ಸಂಪು ಒಂದೇ. ಯಾರಿಗೆ ಎಷ್ಟು ನೀರು, ಎಷ್ಟು ಕರೆಂಟು ಅಂತ ಹಂಚೋಕೆ ಒಬ್ಬ ಉಸ್ತುವಾರಿ. ಸರ್ವರ್ ವರ್ಚುವಲೈಸೇಷನ್ ಅಂದ್ರೆ ಇಷ್ಟೇ. ಕಬ್ಬಿಣದ ಪೆಟ್ಟಿಗೆ ಒಂದು, ಅದರೊಳಗೆ ಹತ್ತಾರು 'ವರ್ಚುವಲ್ ಮಷಿನ್'. ಒಂದರಲ್ಲಿ ಬಿಲ್ಲಿಂಗ್, ಇನ್ನೊಂದರಲ್ಲಿ ಇಮೇಲ್, ಮತ್ತೊಂದರಲ್ಲಿ ಸಂಬಳದ ಲೆಕ್ಕ. ಹಂಚಿಕೆ ನೋಡ್ಕೊಳ್ಳೋ ಉಸ್ತುವಾರಿಯ ಹೆಸರು ಹೈಪರ್‌ವೈಸರ್.

ಈ ಉಸ್ತುವಾರಿ ಕೆಲಸದಲ್ಲಿ ವರ್ಷಾನುಗಟ್ಟಲೆ ಮುಂದಿದ್ದ ಕಂಪನಿ ವಿಎಂವೇರ್. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ನಮ್ಮ ಬೆಂಗಳೂರಲ್ಲೇ ಅದರ ದೊಡ್ಡ ಕೇಂದ್ರ ಇದ್ದಿದ್ದರಿಂದ ಎಷ್ಟೋ ಇಂಜಿನಿಯರುಗಳಿಗೆ ಇದು ಮನೆಮಾತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ಇದನ್ನ ಕೊಂಡುಕೊಳ್ತು. ಮರು ತಿಂಗಳೇ ನಿಯಮ ಬದಲಾಯ್ತು. ಒಂದು ಸಲ ದುಡ್ಡು ಕೊಟ್ಟು ಶಾಶ್ವತವಾಗಿ ಬಳಸೋ ಲೈಸೆನ್ಸ್ ಮಾರಾಟ ಬಂದ್. ಇನ್ನು ಮುಂದೆ ಚಂದಾ ಮಾತ್ರ. ಸ್ವಂತ ಮನೆ ಅಂದ್ಕೊಂಡಿದ್ದವರಿಗೆ ಇದ್ದಕ್ಕಿದ್ದಂತೆ ಬಾಡಿಗೆ ಚೀಟಿ ಬಂದಂಗೆ! ಹಳೇ ಲೈಸೆನ್ಸ್ ಇದ್ದವರು ಬಳಸಬಹುದು, ನಿಜ. ಆದ್ರೆ ಬೆಂಬಲದ ಅವಧಿ ಮುಗಿದ ಮೇಲೆ ಅದನ್ನ ನವೀಕರಿಸೋ ದಾರಿ ಮುಚ್ಚಿಹೋಯ್ತು. ಅಮೆರಿಕದ ಎಟಿ ಅಂಡ್ ಟಿಯಂಥ ದೈತ್ಯ ಕಂಪನಿಯೇ 2024ರಲ್ಲಿ ಈ ವಿಚಾರಕ್ಕೆ ಕೋರ್ಟ್ ಮೆಟ್ಟಿಲೇರಿತು. ಆಮೇಲೆ ರಾಜಿ ಆಯ್ತು ಬಿಡಿ.

ಹಾಗಾಗಿ ಎಲ್ಲ ಕಡೆ ಒಂದೇ ಪ್ರಶ್ನೆ: ಬೇರೆ ವಠಾರ ಎಲ್ಲಿದೆ?

ಇದೆ. ಆಸ್ಟ್ರಿಯಾದ ವಿಯೆನ್ನಾದಿಂದ ಬರೋ ಪ್ರಾಕ್ಸ್‌ಮಾಕ್ಸ್ ಇದೆ. ಲಿನಕ್ಸ್‌ನ ಕೆವಿಎಂ ಮೇಲೆ ಕಟ್ಟಿದ್ದು, ಮುಕ್ತ ತಂತ್ರಾಂಶ. ಬಳಕೆಗೆ ದುಡ್ಡಿಲ್ಲ, ಕಂಪನಿಯ ಬೆಂಬಲ ಬೇಕಂದ್ರೆ ಮಾತ್ರ ವಾರ್ಷಿಕ ಚಂದಾ. ಮೈಕ್ರೋಸಾಫ್ಟ್‌ನ ಹೈಪರ್-ವಿ ಇದೆ. ವಿಂಡೋಸ್ ಸರ್ವರ್ ಲೈಸೆನ್ಸ್ ಈಗಾಗಲೇ ಇದ್ದವರಿಗೆ ಸಲೀಸು. ನ್ಯೂಟಾನಿಕ್ಸ್ ಇದೆ, ದೊಡ್ಡ ಸಂಸ್ಥೆಗಳಿಗೆ ಒಗ್ಗುತ್ತೆ, ಆದ್ರೆ ಅದೂ ಚಂದಾ ಲೆಕ್ಕವೇ. ಫ್ರಾನ್ಸ್‌ನ ಕಂಪನಿಯೊಂದು ಬೆಳೆಸ್ತಿರೋ ಎಕ್ಸ್‌ಸಿಪಿ-ಎನ್‌ಜಿ ಅನ್ನೋ ಮುಕ್ತ ತಂತ್ರಾಂಶವೂ ಇದೆ.

ಯಾವುದು ಒಳ್ಳೇದು? ತಪ್ಪು ಪ್ರಶ್ನೆ. 'ರಾತ್ರಿ ಎರಡು ಗಂಟೆಗೆ ಕೆಟ್ಟರೆ ನಮ್ಮಲ್ಲಿ ಯಾರಿಗೆ ಗೊತ್ತು?' ಇದು ಸರಿಯಾದ ಪ್ರಶ್ನೆ. ಲಿನಕ್ಸ್ ಮುಟ್ಟದ ತಂಡಕ್ಕೆ ಪುಕ್ಕಟೆ ಪ್ರಾಕ್ಸ್‌ಮಾಕ್ಸ್ ಕೂಡ ದುಬಾರಿಯೇ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಬ್ಯಾಕಪ್ ಕಥೆ ಏನು?

ಇಲ್ಲಿ ನನ್ನದೇ ಒಂದು ಅನುಭವ ಹೇಳಿಬಿಡ್ತೀನಿ. ಇಂಜಿನಿಯರಿಂಗ್ ಮುಗಿಸಿ ಸುದ್ದಿಮನೆಗೆ ಬರೋ ಮುಂಚೆ ಒಂದು ಸಣ್ಣ ಸಂಸ್ಥೆಯ ಸರ್ವರ್ ರೂಮಲ್ಲಿ ಕೆಲಸ ಮಾಡ್ತಿದ್ದೆ. ನಮ್ಮ ಗಿರಾಕಿ ಒಂದು ರಕ್ತಪರೀಕ್ಷಾ ಲ್ಯಾಬ್. ಪ್ರತಿದಿನ ಬೆಳಿಗ್ಗೆ ಪರದೆ ಮೇಲೆ ಹಸಿರು ಅಕ್ಷರದಲ್ಲಿ 'ಬ್ಯಾಕಪ್ ಯಶಸ್ವಿ' ಅಂತ ಬರ್ತಿತ್ತು. ಅದನ್ನ ನೋಡಿ ಕಾಫಿಗೆ ಹೋಗ್ತಿದ್ದೆ. ಒಂದು ದಿನ ಸ್ಟೋರೇಜ್ ಪೆಟ್ಟಿಗೆಯೇ ಕೈಕೊಟ್ಟಿತು. ಬ್ಯಾಕಪ್ ತೆಗೆಯೋಣ ಅಂತ ಹುಡುಕಿದ್ರೆ, ಅದು ಕೂತಿದ್ದದ್ದೂ ಅದೇ ಪೆಟ್ಟಿಗೆಯಲ್ಲಿ! ಮೂಲವೂ ಹೋಯ್ತು, ನಕಲೂ ಹೋಯ್ತು. ಲ್ಯಾಬಿನ ಹುಡುಗಿಯರು ಕಾರ್ಬನ್ ಕಾಪಿ ರಸೀದಿ ಇಟ್ಕೊಂಡು ತಿಂಗಳುಗಳ ವರದಿಯನ್ನ ಮತ್ತೆ ಟೈಪ್ ಮಾಡಿದ್ರು. ಒಬ್ಬ ವಯಸ್ಸಾದ ರೋಗಿ ಬಂದು 'ನನ್ನ ಹಳೇ ರಿಪೋರ್ಟ್ ಕೊಡಪ್ಪಾ, ಡಾಕ್ಟ್ರು ಕೇಳಿದ್ದಾರೆ' ಅಂದಾಗ ನನಗೆ ತಲೆ ಎತ್ತೋಕೆ ಆಗಲಿಲ್ಲ. ಹಸಿರು ಅಕ್ಷರ ನಂಬಿದ್ದು ನನ್ನ ತಪ್ಪು.

ನಾನೊಬ್ಬನೇ ದಡ್ಡ ಅಂದ್ಕೋಬೇಡಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಯಿಂದ ಶುರುವಾದ ಬೆಂಕಿ. 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಸ್ಥಗಿತ. ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್' ಸುಟ್ಟುಹೋಯ್ತು. ಅದರಲ್ಲಿದ್ದದ್ದು 858 ಟೆರಾಬೈಟ್. ಹೊರಗೆ ಬ್ಯಾಕಪ್ ಇತ್ತಾ? ಇರಲಿಲ್ಲ. ಗಾತ್ರ ಬಹಳ ದೊಡ್ಡದು, ಅದಕ್ಕೇ ಬ್ಯಾಕಪ್ ಮಾಡಿರಲಿಲ್ಲ ಅನ್ನೋದು ಕೊಟ್ಟ ಕಾರಣ. ತಂತ್ರಜ್ಞಾನದಲ್ಲಿ ಜಗತ್ತಿಗೇ ಪಾಠ ಹೇಳೋ ದೇಶ ಅದು!

ಹಾಗಾದ್ರೆ ಮಾಡಬೇಕಾದ್ದೇನು? ನಿಮ್ಮ ಮನೆಪತ್ರ ನೆನಪಿಸಿಕೊಳ್ಳಿ. ಅಸಲು ಬೀರುವಿನಲ್ಲಿ, ಜೆರಾಕ್ಸ್ ಪ್ರತಿ ಮಗಳ ಮನೆಯಲ್ಲಿ, ಸ್ಕ್ಯಾನ್ ಮಾಡಿದ್ದು ಪೆನ್‌ಡ್ರೈವ್‌ನಲ್ಲಿ. ಇದನ್ನೇ ತಂತ್ರಜ್ಞರು 3-2-1 ಅಂತಾರೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಊರಾಚೆ. ಈಗ ಇನ್ನೊಂದು ಸೇರಿದೆ: ಒಂದು ಪ್ರತಿಯನ್ನ ಯಾರೂ ಅಳಿಸೋಕೆ ಆಗದಂತೆ ಇಡಿ. ಯಾಕಂದ್ರೆ ರ್‍ಯಾನ್ಸಮ್‌ವೇರ್ ಕಳ್ಳರು ಒಳಗೆ ಬಂದ್ರೆ ಮೊದಲು ಹುಡುಕೋದೇ ಬ್ಯಾಕಪ್. 2023ರ ಫೆಬ್ರವರಿಯಲ್ಲಿ ಇಂಥವರು ನೇರವಾಗಿ ವಿಎಂವೇರ್ ಹೈಪರ್‌ವೈಸರ್‌ಗಳಿಗೇ ಬೀಗ ಜಡಿದಿದ್ರು. ಆ ತೂತು ಮುಚ್ಚೋ ತೇಪೆ ಎರಡು ವರ್ಷದ ಹಿಂದೆಯೇ ಬಂದಿತ್ತು, ಹಾಕಿರಲಿಲ್ಲ ಅಷ್ಟೇ. ಉಸ್ತುವಾರಿಯ ಕೀಲಿಗೊಂಚಲು ಕಳ್ಳನ ಕೈಗೆ ಸಿಕ್ಕರೆ ಹತ್ತೂ ಮನೆ ಖಾಲಿ. ಅದಕ್ಕೇ ಬ್ಯಾಕಪ್ ಸರ್ವರ್ ಅದೇ ವಠಾರದ ಒಳಗಿರಬಾರದು, ಅದೇ ಪಾಸ್‌ವರ್ಡಿಗೆ ತೆರೆಯಲೂಬಾರದು.

ಇನ್ನೊಂದು ಭ್ರಮೆ, ಸ್ನ್ಯಾಪ್‌ಶಾಟ್. ಅದು ಆ ಕ್ಷಣದ ಗುರುತು ಅಷ್ಟೇ, ಸಾಮಾನ್ಯವಾಗಿ ಮೂಲ ಡಿಸ್ಕನ್ನೇ ನೆಚ್ಚಿಕೊಂಡು ಅದರ ಪಕ್ಕದಲ್ಲೇ ಕೂತಿರುತ್ತೆ. ಡಿಸ್ಕ್ ಹೋದ್ರೆ ಅದೂ ಹೋಯ್ತು. ಅಪ್‌ಡೇಟ್ ಮಾಡೋ ಮುಂಚೆ ತಗೊಳ್ಳಿ, ಬ್ಯಾಕಪ್ ಅಂತ ಕರೀಬೇಡಿ.

ವಠಾರ ಬದಲಿಸೋರಿಗೆ ಮೂರು ಮಾತು. ಒಂದು, ಈಗಿರೋ ಬ್ಯಾಕಪ್ ತಂತ್ರಾಂಶ ಹೊಸ ವೇದಿಕೆಗೆ ಒಗ್ಗುತ್ತಾ ಅಂತ ಮೊದಲೇ ಕೇಳಿ. ಉದಾಹರಣೆಗೆ, ವೀಮ್ ಪ್ರಾಕ್ಸ್‌ಮಾಕ್ಸ್‌ಗೆ ಬೆಂಬಲ ಕೊಟ್ಟಿದ್ದು 2024ರಲ್ಲಿ. ಪ್ರಾಕ್ಸ್‌ಮಾಕ್ಸ್‌ನವರದ್ದೇ ಬ್ಯಾಕಪ್ ಸರ್ವರ್ ಕೂಡ ಇದೆ. ಎರಡು, ಹಳೇ ಬ್ಯಾಕಪ್‌ಗಳು ಹಳೇ ರೂಪದಲ್ಲೇ ಇರುತ್ತವೆ. ಐದು ವರ್ಷದ ಲೆಕ್ಕ ಇಡಬೇಕಾದ ಸಂಸ್ಥೆ ಅವನ್ನ ಓದೋ ದಾರಿಯನ್ನೂ ಐದು ವರ್ಷ ಉಳಿಸ್ಕೋಬೇಕು. ಮೂರು, ಸಣ್ಣ ಮಷಿನ್ ಒಂದನ್ನ ಮೊದಲು ಸಾಗಿಸಿ. ಕೆವಿಎಂ ಕಡೆ ಹೋಗೋ ವಿಂಡೋಸ್ ಮಷಿನ್‌ಗೆ 'ವರ್ಟ್‌ಐಓ' ಡ್ರೈವರ್ ಮೊದಲೇ ಹಾಕದಿದ್ರೆ ಹೊಸ ಮನೆಯಲ್ಲಿ ಅದು ಕಣ್ಣು ಬಿಡದೇ ಹೋಗಬಹುದು.

ಕೊನೆಗೆ, ನೀವು ತಂತ್ರಜ್ಞರಲ್ಲ, ಒಂದು ಸೊಸೈಟಿಯ ಅಧ್ಯಕ್ಷರು, ಶಾಲೆಯ ಮುಖ್ಯಸ್ಥರು, ನರ್ಸಿಂಗ್ ಹೋಮ್ ಮಾಲೀಕರು ಅಂತಿಟ್ಕೊಳ್ಳಿ. ನಾಳೆ ಬೆಳಿಗ್ಗೆ ನಿಮ್ಮ ಕಂಪ್ಯೂಟರ್ ಹುಡುಗನನ್ನ ಕರೆದು 'ಬ್ಯಾಕಪ್ ಇದೆಯಾ' ಅಂತ ಕೇಳಬೇಡಿ. 'ಇದೆ ಸಾರ್' ಅಂತಾನೆ. ನಾನೂ ಹಾಗೇ ಅಂತಿದ್ದೆ. 'ಕೊನೇ ಸಲ ಯಾವಾಗ ಅದನ್ನ ವಾಪಸ್ ತೆಗೆದು, ಓಡಿಸಿ ನೋಡಿದ್ದೆ? ದಿನಾಂಕ ಹೇಳು' ಅಂತ ಕೇಳಿ.

ಅವನು ತಲೆ ಕೆರೆದುಕೊಂಡ್ರೆ ಬೈಬೇಡಿ. ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು, ಅವತ್ತೇ ಒಂದನ್ನ ವಾಪಸ್ ತೆಗೆಸಿ ನೋಡಿ.