ಹಳೆಯ ದಾಖಲೆಗಳನ್ನು ಒಟ್ಟಾಗಿ ತೆಗೆದುಹಾಕುವ ವಿಚಾರ

ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುವುದರಿಂದ ಕಾಗದಕ್ಕೆ ಬೂಷ್ಟು ಹಿಡಿಯುವುದೂ ಗೆದ್ದಲು ಹತ್ತುವುದೂ ಯಾರಿಗೂ ಹೊಸ ಸಂಗತಿಯಲ್ಲ. ಈ ಕಾರಣದಿಂದ ಮನೆತನದ ಕಡತಗಳನ್ನೂ ಸಂಘದ ಲೆಕ್ಕಗಳನ್ನೂ ಗಣಕಯಂತ್ರಕ್ಕೆ ಏರಿಸುವುದು ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಗೆದ್ದಲು ಹತ್ತು ಮಳೆಗಾಲಗಳಲ್ಲಿ ತಿನ್ನಲಾರದಷ್ಟನ್ನು ಯಂತ್ರದ ಒಂದು ಆಜ್ಞೆಯು ಕ್ಷಣಮಾತ್ರದಲ್ಲಿ ಅಳಿಸಬಲ್ಲುದೆಂಬುದನ್ನು ಗ್ರಾಮಮುಖ್ಯಸ್ಥರೂ ಭೂಮಾಲಿಕರೂ ಗಮನಿಸತಕ್ಕದ್ದು.

ಇಂಥ ಆಜ್ಞೆಗಳಲ್ಲಿ ಅತ್ಯಂತ ಅಪಾಯಕರವಾದುದು 'ಇಂಥ ವರ್ಷಕ್ಕೆ ಹಿಂದಿನದೆಲ್ಲವನ್ನೂ ತೆಗೆ' ಎಂಬುದು. ಹಳೆಯದೆಲ್ಲವೂ ನಿರುಪಯೋಗಿಯೆಂಬ ಎಣಿಕೆ ನಮ್ಮ ಜಿಲ್ಲೆಗೆ ಸಲ್ಲದು. ಫಸಲಿ 1276ಕ್ಕೆ, ಅಂದರೆ ಸುಮಾರು 1866ನೆಯ ಇಸವಿಗೆ, ಪೂರ್ವದಲ್ಲಿ ಏರ್ಪಟ್ಟ ಕದೀಂ ವರ್ಗಭೂಮಿಗೆ ಎಲ್ಲೆಯಿಂದ 100 ಗಜದೊಳಗಣ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ಮುಂತಾದುವನ್ನು ಪಡೆಯುವ ಕುಮ್ಕಿ ಸೌಲಭ್ಯವಿರುವುದು. ಒಂದೂವರೆ ಶತಮಾನದ ಹಿಂದಿನ ಕಾಗದವಿಲ್ಲದೆ ವರ್ಗವು ಕದೀಮೆಂದು ತೋರಿಸುವ ಬಗೆ ಯಾವುದು? ಅಂತೆಯೇ, 1974ನೆಯ ಮಾರ್ಚಿ 1ರಂದು ಗೇಣಿಭೂಮಿಗಳು ಸರಕಾರಕ್ಕೆ ಸೇರಿದ ಮೇಲೆ ನ್ಯಾಯಮಂಡಳಿಗಳ ಮುಂದೆ ಒಕ್ಕಲುತನವನ್ನು ಸ್ಥಾಪಿಸುವಲ್ಲಿ ಗೇಣಿಚೀಟಿಗಳಂಥ ತುಂಡುಕಾಗದಗಳೂ ಬೆಲೆಯುಳ್ಳವಾದುವು. ಅವುಗಳನ್ನು ಗುಡಿಸಿಹಾಕಿದವರ ಪಾಡನ್ನು ಹೇಳಬೇಕಾದುದಿಲ್ಲ.

ಆದುದರಿಂದ ಅಳಿಸುವುದಕ್ಕೆ ಮೊದಲು ಯಂತ್ರವು ಆರಿಸಿದ ಪಟ್ಟಿಯನ್ನು ಸಂಪೂರ್ಣವಾಗಿ ಓದಿ, ಸಂಖ್ಯೆಯನ್ನು ಕೈಪುಸ್ತಕದೊಡನೆ ತಾಳೆನೋಡಬೇಕು. ನಲುವತ್ತು ಬರಬೇಕಾದಲ್ಲಿ ನಾಲ್ಕುನೂರು ಬಂದರೆ ಅಲ್ಲಿಯೇ ನಿಲ್ಲಿಸುವುದು. ಸರ್ವೆ ನಂಬರು 45 ಮತ್ತು 45/1 ಇವೆರಡೂ ಒಂದೇ ದಾಖಲೆಯ ಎರಡು ಪ್ರತಿಗಳೆಂದು ಭ್ರಮಿಸಿ ಒಂದನ್ನು ತೆಗೆಯುವುದುಂಟು; ವಾಸ್ತವದಲ್ಲಿ ಎರಡನೆಯದು ಪಾಲಾದ ತಮ್ಮನ ಗದ್ದೆಯಾಗಿರಬಹುದು! ಇದಲ್ಲದೆ ಒಂದು ದಾಖಲೆಯನ್ನು ಮತ್ತೊಂದು ಆಶ್ರಯಿಸಿರುವುದು. ಪಹಣಿಯಲ್ಲಿ ಹಕ್ಕುಬದಲಾವಣೆಯ ಸಂಖ್ಯೆ ಮಾತ್ರ ಉಳಿದು, ಆ ಬದಲಾವಣೆಯ ಪತ್ರವೇ ಇಲ್ಲವಾದರೆ, ಹಕ್ಕು ಬಂದ ದಾರಿಯನ್ನು ತೋರಿಸುವುದು ಕಷ್ಟ.

ಬೇಡವೆಂದು ಕಂಡುದನ್ನು ಒಡನೆ ನಾಶಪಡಿಸದೆ, 'ರದ್ದು' ಎಂಬ ಗುರುತಿನಿಂದ ಬೇರೆಯಾಗಿರಿಸಿ, ಒಂದು ಪತ್ತನಾಜೆಯಿಂದ ಮುಂದಿನ ಪತ್ತನಾಜೆಯವರೆಗೆ ಕಾಯುವುದು ಒಳ್ಳೆಯದು. ಯಾರಿಗಾದರೂ ಅದು ಬೇಕಾದರೆ ಅಷ್ಟರಲ್ಲಿ ಕೇಳಿಬಂದೀತು. ಬಳಿಕವೂ ಸ್ವಲ್ಪಸ್ವಲ್ಪವಾಗಿಯೇ ತೆಗೆಯಬೇಕು. ಯಾರು, ಎಂದು, ಎಷ್ಟನ್ನು ತೆಗೆದರೆಂಬುದನ್ನು ಪುಸ್ತಕದಲ್ಲಿ ಬರೆದು ಇಬ್ಬರು ರುಜುಮಾಡಬೇಕು. ಪ್ರತಿಯೊಂದನ್ನು ಇನ್ನೊಂದು ಊರಿನಲ್ಲಿರಿಸಬೇಕು. ಅದೇ ಕೋಣೆಯಲ್ಲಿರಿಸಿದ ಪ್ರತಿಯು ಅದೇ ಮಳೆಯಲ್ಲಿ ನೆನೆಯುವುದು. ಸರಕಾರಿ ಪಹಣಿಯ ನಕಲು ಕಚೇರಿಯಲ್ಲಿ ಮತ್ತೆ ದೊರೆತೀತು. ಅಜ್ಜನ ಗೇಣಿಚೀಟಿಗೆ ಬೇರೆ ನಕಲಿಲ್ಲ.