ದಂಡಿನ ವೈದ್ಯರೂ ನಾಗರಿಕ ಚಿಕಿತ್ಸೆಯೂ: ಹೈದರಾಬಾದಿನ ಒಂದು ನಿದರ್ಶನ

ಚಂದಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರಗಳು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಆದುದರಿಂದ ಈ ಸೀಮೆಯ ಆಧುನಿಕ ವೈದ್ಯಚರಿತ್ರೆಯನ್ನು ಅರಸುವ ನಾವು ಹೈದರಾಬಾದಿಗೇ ಹೋಗಬೇಕಾಗುತ್ತದೆ.

ಇಂಡಿಯನ್ ಮೆಡಿಕಲ್ ಸರ್ವಿಸಿನ ಅಧಿಕಾರಿಗಳು ಸೈನ್ಯದ ದರ್ಜೆಯವರು. ಆದರೂ ಅವರಲ್ಲಿ ಹಲವರು ನಾಗರಿಕ ಆಸ್ಪತ್ರೆಗಳಿಗೆ ನಿಯುಕ್ತರಾಗುತ್ತಿದ್ದರು. ಯುದ್ಧ ಒದಗಿದರೆ ಅವರನ್ನು ಮರಳಿ ದಂಡಿಗೆ ಕರೆಯಿಸಿಕೊಳ್ಳಬಹುದಾಗಿತ್ತು. ಹೀಗೆ ಬಂದವರಲ್ಲಿ ಎಡ್ವರ್ಡ್ ಲಾರಿಯವರು ಒಬ್ಬರು. ಅವರು ಹೈದರಾಬಾದಿನ ರೆಸಿಡೆನ್ಸಿ ಸರ್ಜನರೂ ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥರೂ ಆಗಿದ್ದರು.

ಕ್ಲೋರೋಫಾರಂ ಕೊಟ್ಟ ರೋಗಿ ಸತ್ತರೆ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬುದು ಆ ಕಾಲದ ಜೀವನ್ಮರಣದ ಪ್ರಶ್ನೆ. ನಿಜಾಮ ಸರ್ಕಾರದ ಆಶ್ರಯದಲ್ಲಿ 1888 ಮತ್ತು 1889ರಲ್ಲಿ ನಡೆದ ಎರಡು ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಉಸಿರೇ ಮೊದಲು ನಿಲ್ಲುವುದೆಂದು ಸಾರಿದವು. ನಾಡಿಯನ್ನಲ್ಲ, ಉಸಿರಾಟವನ್ನು ಕಾಯಿರಿ ಎಂಬುದು ಲಾರಿಯವರ ಬೋಧನೆ. ಅದರಲ್ಲಿ ದಂಡಿನ ಆಜ್ಞೆಯ ಬಿಗಿಯೂ ಇತ್ತೆಂದು ನಮಗೆ ತೋರುತ್ತದೆ. 1911ರಲ್ಲಿ ಲೆವಿ ಎಂಬ ವಿಜ್ಞಾನಿ, ಅಲ್ಪ ಪ್ರಮಾಣದ ಕ್ಲೋರೋಫಾರಮ್ಮಿನಿಂದಲೂ ಹೃದಯವು ಹಠಾತ್ತನೆ ಕಂಪಿಸಿ ನಿಲ್ಲಬಲ್ಲದೆಂದು ತೋರಿಸಿದುದರಿಂದ ಆ ನಿರ್ಣಯ ಅಪೂರ್ಣವೆನಿಸಿತು. ಉಸಿರನ್ನು ಎಡೆಬಿಡದೆ ಗಮನಿಸುವ ಶಿಸ್ತು ಮಾತ್ರ ಇಂದಿಗೂ ಅರಿವಳಿಕೆಶಾಸ್ತ್ರದಲ್ಲಿ ಉಳಿದಿದೆ.

ಈ ವಿದ್ಯೆ ಸೇನಾಧಿಕಾರಿಯ ಕೈಯಿಂದ ಪೂರ್ಣವಾಗಿ ನಾಗರಿಕರ ಕೈಗೆ ದಾಟಿದುದನ್ನು ಆ ಶಾಲೆಯ ವಿದ್ಯಾರ್ಥಿನಿ ರೂಪಾಬಾಯಿ ಫರ್ದೂನ್‌ಜಿಯವರಲ್ಲಿ ಕಾಣುತ್ತೇವೆ. ಪ್ರಪಂಚದ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರನ್ನು ಎಣಿಸಲಾಗುತ್ತದೆ.